ಕನಸಿನ ಲೆಕ್ಕ: ನಡುವಿನ ಖಾನೆ ಸೇರಿಸಿದ ಮೇಲೆ

ಕನಸು ನೆನಪಿದೆಯಾ ಅಂತ ನಮ್ಮ ಗುಂಪಿನವರು ಎದ್ದ ಕೂಡಲೇ ಗುರುತು ಹಾಕುವ ಬೆಳಗಿನ ಚೀಟಿಯಲ್ಲಿ ಈಗ ಮೂರು ಖಾನೆ ಇವೆ: 'ಕನಸು ನೆನಪಿದೆ', 'ಬಿದ್ದದ್ದು ಗೊತ್ತು, ಏನಂತ ಗೊತ್ತಿಲ್ಲ', 'ಏನೂ ಇಲ್ಲ'. ನಡುವಿನದು ಹೊಸದು. ಮೊದಲು ಇಂಥ ಬೆಳಗನ್ನು ಕೆಲವರು 'ಹೌದು'ಗೆ ಹಾಕುತ್ತಿದ್ದರು, ಕೆಲವರು 'ಇಲ್ಲ'ಕ್ಕೆ, ಅವರವರಿಗೆ ತೋಚಿದ ಹಾಗೆ. ಸಂಶೋಧಕರು ಇದನ್ನು ಬಿಳಿ ಕನಸು ಅಂತ ಕರೆದು ಬೇರೆಯಾಗಿಯೇ ಎಣಿಸುತ್ತಾರೆ. ಎಣಿಸಲೇಬೇಕು, ಯಾಕೆಂದರೆ ಒಂದೇ ತರಹ ನಿದ್ದೆ ಮಾಡುವ ಇಬ್ಬರ ಲೆಕ್ಕ ಈ ಒಂದು ಖಾನೆಯಿಂದಲೇ ಎತ್ತಲಿಂದ ಎತ್ತಲೋ ಹೋಗಿಬಿಡುತ್ತದೆ.

ಹೊಸಬರಿಗೆ ಹೇಳಬೇಕು ಅಂದರೆ, ಜನರಿಗೆ ಎಷ್ಟು ಸಲ ಕನಸು ನೆನಪಿರುತ್ತದೆ ಅಂತ ಅಳೆಯುವ ಪ್ರಯತ್ನ ಇದು. ಗೆಳೆಯರು, ನೆಂಟರು ಸೇರಿದ ಸಣ್ಣ ಗುಂಪು. ಶುರುವಿಗೆ ಎಲ್ಲರಿಗೂ ಒಂದು ಪ್ರಶ್ನೆ ಕೇಳಿದ್ದೆ. ಜರ್ಮನಿಯ ಮಾನ್‌ಹೈಮ್‌ನಲ್ಲಿ ಕನಸಿನ ಮೇಲೆ ಕೆಲಸ ಮಾಡುವ ಮೈಕೆಲ್ ಶ್ರೆಡಲ್ ಬಳಸುವ 7 ಹಂತದ ಅಳತೆ ಅದು. 0 ಅಂದರೆ ಯಾವತ್ತೂ ಇಲ್ಲ, 4 ಅಂದರೆ ವಾರಕ್ಕೆ ಸುಮಾರು ಒಂದು ಸಲ, 6 ಅಂದರೆ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ. ಆಮೇಲೆ ಚೀಟಿ ಕೊಟ್ಟೆ.

ಎರಡಕ್ಕೂ ತಾಳೆ ಆಗುತ್ತಿಲ್ಲ! 'ನನಗೆ ಕನಸೇ ಬೀಳಲ್ಲ' ಅಂತ 0 ಹಾಕಿದ್ದ ಗೆಳೆಯನ ಚೀಟಿ ನೋಡಿ. ಮೊದಲೆಲ್ಲ ಬರೀ 'ಏನೂ ಇಲ್ಲ'. ಬರುಬರುತ್ತಾ ನಡುವಿನ ಖಾನೆಗೆ ಗುರುತು ಬೀಳತೊಡಗಿತು. ಆಮೇಲೊಂದು ದಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ, 'ಹಸಿರು ಬಾಗಿಲು, ಒಳಗಿಂದ ಯಾರೋ ಕೂಗಿದರು, ಅಷ್ಟೇ.' ಓದಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಅವನಿಗೆ ಮೊದಲೂ ಕನಸು ಬೀಳುತ್ತಲೇ ಇದ್ದಿರಬೇಕು, ಈಗ ಎದ್ದ ತಕ್ಷಣ ಹುಡುಕುತ್ತಾನೆ. ಕಡಿಮೆ ನೆನಪಿರುವವರು ಬರೆದಿಡಲು ಶುರು ಮಾಡಿದರೆ ನೆನಪು ಜಾಸ್ತಿಯಾಗುತ್ತದೆ ಅನ್ನುವುದು ಸಂಶೋಧನೆಗಳಲ್ಲೂ ಕಂಡ ವಿಷಯ. ಅಂದರೆ ಅಳೆಯುವ ಕೆಲಸವೇ ಅಳತೆಯನ್ನು ಬದಲಿಸುತ್ತದೆ, ಅಲ್ವಾ? ಅದಕ್ಕೇ ಶುರುವಿನ ದಿನಗಳನ್ನೂ ನಂತರದ ದಿನಗಳನ್ನೂ ಕೂಡಿಸಿ ಸರಾಸರಿ ತೆಗೆಯುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಎರಡೂ ಬೇರೆ ಬೇರೆ ಸಾಲಿನಲ್ಲಿ ಇರಲಿ.

1957ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್ ಅನ್ನುವ ನಿದ್ದೆಯ ಸಂಶೋಧಕರು ಜನರನ್ನು ನಿದ್ದೆಯ ನಡುವೆ ಎಬ್ಬಿಸಿ ಕೇಳಿದ್ದರು. ರೆಮ್ ನಿದ್ದೆಯಿಂದ, ಅಂದರೆ ರೆಪ್ಪೆಯೊಳಗೆ ಕಣ್ಣು ಸರಸರ ಓಡಾಡುವ ಹಂತದಿಂದ ಎಬ್ಬಿಸಿದಾಗ ಶೇ. 80ರಷ್ಟು ಸಲ ಕನಸು ಹೇಳಿದರು, ಬೇರೆ ಹಂತಗಳಿಂದ ಎಬ್ಬಿಸಿದಾಗ ಶೇ. 7ರಷ್ಟು ಸಲ ಮಾತ್ರ. ರೆಮ್ ನಿದ್ದೆ ಬೆಳಗಿನ ಜಾವದ ಹೊತ್ತಿಗೆ ಉದ್ದವಾಗುತ್ತದೆ. ಹಾಗಾಗಿ ಅಲಾರಂ ಎಬ್ಬಿಸಿತಾ, ತಾನಾಗಿ ಎಚ್ಚರವಾಯಿತಾ ಅಂತಲೂ ಚೀಟಿಯಲ್ಲಿ ಕೇಳುತ್ತಿದ್ದೇನೆ. ರಾತ್ರಿ ನಡುವೆ ಎಚ್ಚರವಾಗಿತ್ತಾ ಅನ್ನುವುದನ್ನೂ ಸೇರಿಸಿದೆ. ಫ್ರಾನ್ಸಿನ ಲಿಯಾನ್‌ನ ತಂಡವೊಂದು ಕನಸು ಜಾಸ್ತಿ ನೆನಪಿರುವವರು ರಾತ್ರಿ ನಡುನಡುವೆ ಒಟ್ಟು ಸುಮಾರು 30 ನಿಮಿಷ ಎಚ್ಚರವಿರುತ್ತಾರೆ, ಕಡಿಮೆ ನೆನಪಿರುವವರು ಅದರ ಅರ್ಧದಷ್ಟು ಅಂತ ಕಂಡುಕೊಂಡಿತ್ತು. ನಮ್ಮ ಗುಂಪಿನಲ್ಲೂ ಆ ಕಡೆಗೇ ವಾಲುತ್ತಿದೆ, ಆದರೆ ಗುಂಪು ತೀರಾ ಚಿಕ್ಕದು, ಇದನ್ನೇ ಹಿಡಿದುಕೊಂಡು ಏನನ್ನೂ ಹೇಳಲಾಗದು.

ಮುಂದಿನ ಸುತ್ತಿನಲ್ಲಿ ಅರ್ಧ ಜನ ಗುರುತು ಮಾತ್ರ ಹಾಕುತ್ತಾರೆ, ಉಳಿದವರು ಕನಸನ್ನೂ ಬರೆಯುತ್ತಾರೆ. ಬರೆಯಬೇಕು ಅಂದಾಗ ಸುಮ್ನೆ 'ಏನೂ ಇಲ್ಲ' ಅಂತ ಹಾಕಿ ಎದ್ದುಬಿಡುವವರು ಇದ್ದಾರಾ ಅಂತ ನೋಡಬೇಕು. ಇಬ್ಬರಿಗೂ ನಿಯಮ ಒಂದೇ: ಫೋನ್ ಮುಟ್ಟುವ ಮೊದಲು ಚೀಟಿ ತುಂಬಬೇಕು.