ಕ್ಯಾಶ್ ತಾನೇ, ಯಾರಿಗೆ ಗೊತ್ತಾಗುತ್ತೆ?

“ಕ್ಯಾಶ್ ತಾನೇ ಅಕ್ಕಾ, ಯಾರಿಗೆ ಗೊತ್ತಾಗುತ್ತೆ?” ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿರುವ ಹುಡುಗಿ ಮೊನ್ನೆ ಫೋನಿನಲ್ಲಿ ಕೇಳಿದ್ದು. ಶನಿವಾರ ಮಗನಿಗೆ ಪಾಠ ಹೇಳಿಕೊಡಿ ಎಂದು ಮೇಲಿನ ಮನೆಯ ತಾಯಿ ದುಂಬಾಲು ಬಿದ್ದಿದ್ದಾರಂತೆ.

ಗೊತ್ತಾಗುತ್ತೆ. ಅನಧಿಕೃತ ಟ್ಯೂಷನ್ ಬಗ್ಗೆ ದೂರು ಕೊಟ್ಟವರಿಗೆ ಬಹುಮಾನ ಕೊಡುವ ವ್ಯವಸ್ಥೆಯನ್ನು ಕೊರಿಯಾ 2009ರಲ್ಲೇ ತಂದಿತು. ಇದನ್ನೇ ಕಸುಬು ಮಾಡಿಕೊಂಡವರೂ ಹುಟ್ಟಿಕೊಂಡರು. ಅವರು ಬೇಡ, ಫೀಸಿನ ವಿಷಯಕ್ಕೆ ಮುನಿಸಿಕೊಂಡ ಒಬ್ಬ ಪೋಷಕ ಸಾಕು. ಗಿರಾಕಿ ಕಳೆದುಕೊಂಡ ಪಕ್ಕದ ಬೀದಿಯ ಹಗ್ವಾನ್, ಅಂದರೆ ಖಾಸಗಿ ಕೋಚಿಂಗ್ ಸೆಂಟರ್, ಸಾಕು.

ಅವಳದು ಇ-2 ವೀಸಾ, ವಿದೇಶಿ ಭಾಷಾ ಶಿಕ್ಷಕರಿಗೆ ಕೊಡುವಂಥದ್ದು. ಭಾರತದ ಜೊತೆಗಿನ ಸೆಪಾ ಎಂಬ ಆರ್ಥಿಕ ಸಹಭಾಗಿತ್ವ ಒಪ್ಪಂದ 2010ರಲ್ಲಿ ಜಾರಿಗೆ ಬಂದ ಮೇಲೆ ಬೋಧನಾ ಅರ್ಹತೆಯಿರುವ ನಮ್ಮವರಿಗೂ ತೆರೆದುಕೊಂಡ ದಾರಿ ಇದು. ಈ ವೀಸಾ ಅಂಟಿಕೊಂಡಿರುವುದು ಕೆಲಸ ಕೊಟ್ಟ ಸಂಸ್ಥೆಗೆ. ಎರಡನೇ ಕಡೆ ಕಲಿಸಬೇಕೆಂದರೆ ಮೊದಲ ಸಂಸ್ಥೆಯ ಒಪ್ಪಿಗೆ ಪತ್ರ, ಹೊಸ ಕಡೆಯ ಕರಾರು, ಆ ಸಂಸ್ಥೆಯ ವ್ಯವಹಾರ ನೋಂದಣಿಯ ಪ್ರತಿ ಇಮಿಗ್ರೇಷನ್ ಕಚೇರಿಗೆ ಹೋಗಬೇಕು. ಮೇಲಿನ ಮನೆಯ ತಾಯಿ ಯಾವ ನೋಂದಣಿ ಪತ್ರ ತಂದಾರು? ಹಾಗಾಗಿ ಮನೆಪಾಠಕ್ಕೆ ಅರ್ಜಿ ಹಾಕುವ ದಾರಿಯೇ ಇಲ್ಲ. ಕೊರಿಯನ್ನರನ್ನು ಮದುವೆಯಾದವರ ಎಫ್-6, ಕಾಯಂ ವಾಸದ ಎಫ್-5 ಇದ್ದವರ ಮಾತು ಬೇರೆ. ಅವರೂ ಸ್ಥಳೀಯ ಶಿಕ್ಷಣ ಕಚೇರಿಯಲ್ಲಿ ಹೆಸರು, ವಿಷಯ, ಶುಲ್ಕ ನೋಂದಾಯಿಸಿಯೇ ಕಲಿಸಬೇಕು.

“ಹಾಗಾದ್ರೆ ದುಡ್ಡಿನ ಬದಲು ಗಿಫ್ಟ್ ಕಾರ್ಡ್ ತಗೋತೀನಿ,” ಅಂದಳು. ಜಾಣೆ. ಆದರೆ ವಾರವಾರ ಅದೇ ಹೊತ್ತಿಗೆ ಪಾಠ, ತಿಂಗಳ ಕೊನೆಗೆ ಕಾರ್ಡ್ ಎಂದರೆ ಅದೂ ಸಂಬಳವೇ.

ಆ ತಾಯಿ ಕೆಟ್ಟವರೆಂದು ನನಗನ್ನಿಸುವುದಿಲ್ಲ. 1980ರಲ್ಲಿ ಸೈನಿಕ ಆಡಳಿತ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಿತ್ತು. ಕದ್ದುಮುಚ್ಚಿ ನಡೆಯುತ್ತಲೇ ಇತ್ತು. 2000ದಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು. ಮಗನ ಇಂಗ್ಲಿಷಿಗಾಗಿ ಸಣ್ಣಪುಟ್ಟ ನಿಯಮ ಮೀರುವುದು ಅಲ್ಲಿನ ತಾಯಂದಿರಿಗೆ ಹೊಸದೇನಲ್ಲ. ಸಿಕ್ಕಿಬಿದ್ದರೆ ಗಡೀಪಾರಾಗುವವಳು ಮಾತ್ರ ಇವಳು. ಹನ್ನೊಂದನೇ ತಿಂಗಳಲ್ಲಿ ಹೊರಟರೆ, ಒಂದು ವರ್ಷ ತುಂಬಿದವರಿಗಷ್ಟೇ ಸಿಗುವ ತಿಂಗಳ ಸಂಬಳದಷ್ಟು ನಿರ್ಗಮನ ಭತ್ಯೆಯೂ ಕೈತಪ್ಪುತ್ತದೆ.

ಚೀನಾದಲ್ಲಿ ಇನ್ನೂ ಬಿಗಿ: ಪರ್ಮಿಟ್ಟಿಲ್ಲದ ಕೆಲಸಕ್ಕೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನ. ಜಪಾನಿನಲ್ಲಿ ಕೇಳಿ ಪಡೆಯುವ ಅವಕಾಶವಿದೆ. ವೀಸಾದ ವ್ಯಾಪ್ತಿಗೆ ಬಾರದ ಕೆಲಸಕ್ಕೆ ಪ್ರತ್ಯೇಕ ಅನುಮತಿ ಕೊಡುತ್ತಾರೆ. ಅಲ್ಲಿ ಎಡವುವುದು ತೆರಿಗೆಯಲ್ಲಿ: ಸಂಬಳದಾರರ ಪಕ್ಕದ ಆದಾಯ ವರ್ಷಕ್ಕೆ 2 ಲಕ್ಷ ಯೆನ್ ದಾಟಿದರೆ ರಿಟರ್ನ್ಸ್ ಸಲ್ಲಿಸಲೇಬೇಕು.

ದುಡ್ಡು ಬೇಕೇಬೇಕೆಂದರೆ ಇವಳಿಗಿರುವ ನೇರ ದಾರಿ ಬೇರೆ ಸಂಸ್ಥೆಯ ರಜೆಯ ಇಂಗ್ಲಿಷ್ ಕ್ಯಾಂಪ್. ಕರಾರಿಗೆ ಸಹಿ ಹಾಕುವ ಮುನ್ನ ತನ್ನ ಶಾಲೆಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. “ಮಾಡಮ್ಮಾ, ಪರವಾಗಿಲ್ಲ” ಎಂಬ ಬಾಯಿಮಾತು ಇಮಿಗ್ರೇಷನ್ ಕೌಂಟರಿನಲ್ಲಿ ಕೆಲಸಕ್ಕೆ ಬಾರದು.