ವಿಮ್‌ನಲ್ಲಿ ಕನ್ನಡ: ಕಾಗುಣಿತ ಮುಗೀತು, ಒತ್ತಕ್ಷರ ಬಾಕಿ

ವಿಮ್ ಅಂದರೆ ಮೌಸ್ ಇಲ್ಲದೆ ಕೀಗಳಿಂದಲೇ ಬರೆದು ತಿದ್ದುವ ಎಡಿಟರ್. ಅದರಲ್ಲಿ ಕನ್ನಡ ತರುವ ನನ್ನ ಕೆಲಸ ಕಳೆದ ಸಲ ಕಾಗುಣಿತದ ಹತ್ತಿರ ನಿಂತಿತ್ತು. ಈಗ ಅದು ಸರಿಹೋಗಿದೆ. ಗದಗದ ನಮ್ಮ ಪ್ರೆಸ್‌ನಲ್ಲಿ ದಿನವಿಡೀ ಲಗ್ನಪತ್ರಿಕೆ ಟೈಪ್ ಮಾಡಿ ಮಾಡಿ ನನ್ನ ಬೆರಳಿಗೆ ಕೂತಿರುವುದು ನುಡಿ ಕೀಬೋರ್ಡ್, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸ. ಅದನ್ನು ಬಿಡದೆ ವಿಮ್ ಬಳಸಬೇಕು ಅನ್ನುವುದಷ್ಟೇ ಹಟ.

ತೊಂದರೆ ಏನಂದ್ರೆ: ವಿಮ್‌ನಲ್ಲಿ ಬರೆಯುವ ಮೋಡ್ ಬೇರೆ, ತಿದ್ದುವ ಮೋಡ್ ಬೇರೆ. ಎಸ್ಕೇಪ್ ಒತ್ತಿದ ಮೇಲೆ ಡಿ, ಡಬ್ಲ್ಯೂ ಒತ್ತಿದರೆ ಒಂದು ಪದ ಅಳಿಸಬೇಕು. ಆದರೆ ಇಡೀ ಕಂಪ್ಯೂಟರೇ ಕನ್ನಡಕ್ಕೆ ತಿರುಗಿದ್ದರೆ ಅದಕ್ಕೆ ತಲುಪುವುದು ದ, ಡ. ವಿಮ್ ಸುಮ್ನೆ ಕೂತಿರುತ್ತದೆ. ಹಾಗಾಗಿ ಕನ್ನಡವನ್ನು ವಿಮ್ ಒಳಗೇ ಕಟ್ಟಿದೆ. ಬರೆಯುವಾಗ ಮಾತ್ರ ಕನ್ನಡ. ಎಸ್ಕೇಪ್ ಒತ್ತಿದರೆ ಕೀಗಳು ಇಂಗ್ಲಿಷ್, ಮತ್ತೆ ಐ ಒತ್ತಿದರೆ ಕನ್ನಡ ತಾನಾಗಿ ಬರುತ್ತದೆ. ನಡುವೆ ಇಂಗ್ಲಿಷ್ ಪದ ಬೇಕಾದರೆ ಕಂಟ್ರೋಲ್ ಜೊತೆ 6.

ಜಾಸ್ತಿ ಹೊತ್ತು ತಿಂದದ್ದು ಕಾಗುಣಿತ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಬೋರ್ಡ್ ವಿನ್ಯಾಸ ಆಗಿದ್ದರೆ ಸಲೀಸು: ಶಿಫ್ಟ್ ಹಿಡಿದರೆ ಉ, ಬಿಟ್ಟರೆ ಕೊಂಬು. ನುಡಿಯಲ್ಲಿ ಎರಡಕ್ಕೂ ಯು ಕೀ ಒಂದೇ. ವ್ಯಂಜನ ಆದ ಮೇಲೆ ಒತ್ತಿದರೆ ಕೊಂಬು, ಇಲ್ಲದಿದ್ದರೆ ಉ. ಮೊದಲು ಕಾ, ಕಿ, ಕು ಅಂತ ಎಲ್ಲ ಜೋಡಿಗಳನ್ನೂ ಪಟ್ಟಿ ಮಾಡಿದ್ದೆ. ಜೋಡಿಯ ಎರಡನೇ ಕೀಗಾಗಿ ವಿಮ್ ಕಾಯುವುದು 1000 ಮಿಲಿಸೆಕೆಂಡ್, ಅಷ್ಟೇ. ಬರೆದುಕೊಟ್ಟ ಚೀಟಿ ನೋಡಲು ತಲೆ ತಿರುಗಿಸಿದೆವೋ, 'ಕುಲಕರ್ಣಿ' ಹೋಗಿ 'ಕಉಲಕರ್ಣಿ' ಆಗಿರುತ್ತದೆ! ಪಟ್ಟಿ ಕಿತ್ತುಹಾಕಿ ಸಣ್ಣ ಫಂಕ್ಷನ್, ಅಂದರೆ ಪ್ರೋಗ್ರಾಮಿನ ತುಣುಕು, ಬರೆದೆ. ಅದು ಕರ್ಸರ್‌ನ ಹಿಂದಿನ ಅಕ್ಷರ ನೋಡುತ್ತದೆ. ಬರೀ ವ್ಯಂಜನ ಇದ್ದರೆ ಕೊಂಬು ಹಾಕುತ್ತದೆ, ಇಲ್ಲಾಂದ್ರೆ ಉ. ಈಗ ನಡುವೆ ಚಹಾ ಕುಡಿದು ಬಂದು ಒತ್ತಿದರೂ ನಡೆಯುತ್ತದೆ.

"ಅಣ್ಣಾರ, ಫೋನಿಗೆ ಹೇಳಿದ್ರ ತಾನ ಟೈಪ್ ಆಗ್ತದಲ್ರೀ, ಇದೆಲ್ಲಾ ಯಾಕ?" ಅಂತ ಪ್ರೆಸ್ಸಿನ ಹುಡುಗ ಕೇಳುತ್ತಾನೆ. ಅವನ ಮಾತು ಪೂರ್ತಿ ಸುಳ್ಳಲ್ಲ. ಉದ್ದನೆಯ ಪ್ಯಾರಾ ಇದ್ದರೆ ನಾನೂ ಬಾಯಲ್ಲೇ ಹೇಳಿ ಬರೆಸುತ್ತೇನೆ. ಆದರೆ ಲಗ್ನಪತ್ರಿಕೆಯಲ್ಲಿ ಹೊಸದಾಗಿ ಬರೆಯುವುದು ಕಡಿಮೆ, ತಿದ್ದುವುದೇ ಜಾಸ್ತಿ. ಸೋದರಮಾವನ ಹೆಸರು ಎರಡು ಸಾಲು ಮೇಲೆ ಹೋಗಬೇಕು. ಬದುಕಿರುವ ಕಾಕಾನ ಹೆಸರಿನ ಮುಂದೆ ಬಿದ್ದ 'ದಿ.' ಈಗಿಂದೀಗಲೇ ಹೋಗಬೇಕು. ಇದನ್ನು ಫೋನಿಗೆ ಹೇಳಿ ಮಾಡಿಸಿ ನೋಡೋಣ! ಇಲ್ಲಿ ಸಾಲು ಎತ್ತಲು ಎರಡು ಸಲ ಡಿ, ಮೇಲೆ ಹೋಗಿ ಇಡಲು ದೊಡ್ಡ ಪಿ.

ವಿಮ್‌ನಲ್ಲಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಓಡಾಡುವ ಎಚ್, ಜೆ, ಕೆ, ಎಲ್ ಕೀಗಳು 1976ರ ಹೊತ್ತಿನವು. ವಿಮ್‌ನ ಮೂಲವಾದ ವಿಐ ಎಡಿಟರನ್ನು ಬಿಲ್ ಜಾಯ್ ಬರೆದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತು ಇದ್ದದ್ದೇ ಆ ನಾಲ್ಕು ಕೀಗಳ ಮೇಲೆ. ಟರ್ಮಿನಲ್ ಯಾವಾಗಲೋ ಗುಜರಿಗೆ ಹೋಯಿತು, ರೂಢಿ ಬೆರಳಲ್ಲಿ ಉಳಿಯಿತು. ಫೋನು, ಧ್ವನಿ ಏನೇ ಬರಲಿ, ತಿದ್ದುವ ಕೆಲಸ ಅಷ್ಟು ಬೇಗ ಕೈ ಬಿಟ್ಟು ಹೋಗುತ್ತದೆ ಅಂತ ನನಗನಿಸುವುದಿಲ್ಲ.

ಇನ್ನು ಬಾಕಿ ಕೆಲಸ. 'ಪ್ರೆಸ್‌ನಲ್ಲಿ' ಥರದ ಪದದಲ್ಲಿ ಸ್ ಮತ್ತು ನ ಕೂಡಿಕೊಳ್ಳದಂತೆ ನಡುವೆ ಕಾಣದ ಅಕ್ಷರವೊಂದು ಇರುತ್ತದೆ. ವಿಮ್ ಅದನ್ನು ವಿರಾಮಚಿಹ್ನೆ ಅಂದುಕೊಂಡು ಪದವನ್ನು ಅಲ್ಲೇ ಕಡಿಯುತ್ತದೆ. ಸದ್ಯಕ್ಕೆ ದೊಡ್ಡ ಡಬ್ಲ್ಯೂ ಒತ್ತಿ ದಾಟುತ್ತಿದ್ದೇನೆ, ಅದು ಖಾಲಿ ಜಾಗ ಸಿಗುವವರೆಗೂ ಹಿಡಿಯುತ್ತದೆ. ಒತ್ತಕ್ಷರದ್ದು ಇನ್ನೂ ತಲೆನೋವು. 'ಹುಬ್ಬಳ್ಳಿ'ಯ 'ಬ್ಬ' ಮೇಲೆ ನಿಂತು, ಅಕ್ಷರ ಅಳಿಸುವ ಎಕ್ಸ್ ಒತ್ತಿದರೆ ಅರ್ಧ ಮಾತ್ರ ಹೋಗಿ 'ಹುಬಳ್ಳಿ' ಉಳಿಯುತ್ತದೆ. ಲಗ್ನದ ಸೀಸನ್ ಮುಗಿಯಲಿ, ಅದಕ್ಕೆ ಕೈ ಹಾಕುತ್ತೇನೆ.