ಮಾಗಡಿ ಕೆರೆಯ ಹಕ್ಕಿ ಇಂಗ್ಲೆಂಡಿಗೂ ಬಂತೇನು?

ಇಂಗ್ಲೆಂಡಿನ ಸ್ಲಿಮ್‌ಬ್ರಿಜ್‌ನಲ್ಲಿ ತೆಗೆದ ಒಂದು ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಸೆವರ್ನ್ ನದಿಯ ಅಳಿವೆ ಪಕ್ಕದ ಜೌಗು, 1946ರಿಂದ ಹಕ್ಕಿಗಳಿಗೆ ಮೀಸಲಾದ ಜಾಗ. ಕೆನಡಾ ಹೆಬ್ಬಾತುಗಳ ನಡುವೆ ಒಂದೇ ಒಂದು ಬೇರೆ ಹಕ್ಕಿ: ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅವತ್ತಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. "ನಮ್ಮ ಮಾಗಡಿ ಹಕ್ಕಿ ಅಲ್ಲೀತನಕ ಹಾರಿಕೊಂಡು ಬಂತೇನಪಾ?" (ಇದು ಗದಗ ಜಿಲ್ಲೆಯ ಮಾಗಡಿ, 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗುಗಳ ಪಟ್ಟಿಗೆ, ಸೇರಿದ ಕೆರೆ. ಬೆಂಗಳೂರು ಪಕ್ಕದ್ದಲ್ಲ.)

ಹಕ್ಕಿ ಅದೇ, ಪಟ್ಟೆತಲೆ ಹೆಬ್ಬಾತು. ಆದರೆ ಹಾರಿ ಬಂದದ್ದಲ್ಲ.

ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮಲ್ಲಿಗೆ ಬರುತ್ತದೆ. 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ ದಾಖಲೆ ಇದೆ. ಗಾಳಿ ತೆಳುವಾದರೂ ಅದರ ರಕ್ತ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಆ ದಾರಿಗೂ ಇಂಗ್ಲೆಂಡಿಗೂ ಸಂಬಂಧವಿಲ್ಲ. ಇಲ್ಲಿ ಕಾಣುವವು ಯಾರೋ ಚಂದಕ್ಕೆ ಸಾಕಿ, ತಪ್ಪಿಸಿಕೊಂಡವು. ಇಲ್ಲವೇ ಅವುಗಳ ಮಕ್ಕಳು, ಮೊಮ್ಮಕ್ಕಳು.

ಸಾಕಿದ್ದೋ ಅಂತ ತಿಳಿಯಲು ನಾನು ಮೊದಲು ಕಾಲು ನೋಡುತ್ತೇನೆ, ಬಣ್ಣದ ಉಂಗುರ ಇದೆಯಾ ಅಂತ. ಆಮೇಲೆ ರೆಕ್ಕೆ, ಕತ್ತರಿಸಿದ್ದಾರಾ ಅಂತ. ಇದಕ್ಕೆ ಎರಡೂ ಇರಲಿಲ್ಲ. ಅಷ್ಟರಲ್ಲಿ ಒಂದು ಮಗು ಚಿಪ್ಸ್ ಪೊಟ್ಟಣ ಹರಿಯಿತು. ಆ ಪರಪರ ಸದ್ದಿಗೆ ಹಕ್ಕಿ ಕತ್ತು ಚಾಚಿಕೊಂಡು ನಮ್ಮ ಬೆಂಚಿನ ತನಕ ನಡೆದೇ ಬಂತು. ನನ್ನ ಅನುಮಾನ ಅಲ್ಲಿಗೆ ಮುಗಿಯಿತು!

ಬ್ರಿಟನ್ನಿನ ಹಕ್ಕಿಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಮ್ಯಾಂಡರಿನ್ ಬಾತಿಗೆ 1971ರಲ್ಲೇ ಸಿಕ್ಕಿದೆ. ಅದೂ ಹೊರಗಿನದೇ, ಆದರೆ ಇಲ್ಲಿ ತಾನಾಗಿ ಸಂಸಾರ ಬೆಳೆಸಿಕೊಂಡಿತು, ಅದಕ್ಕೆ.

"ಸುಮ್ನೆ ಚಂದದ ಹಕ್ಕಿ, ಇದ್ದರೆ ಏನಾಯ್ತು?" ಅಂತಲೂ ಕೇಳುತ್ತಾರೆ. ಅವರಿಗೆ ಅಮೆರಿಕದ ರಡ್ಡಿ ಬಾತಿನ ಕಥೆ ಹೇಳುತ್ತೇನೆ. 1940ರ ದಶಕದಲ್ಲಿ ಇದೇ ಸ್ಲಿಮ್‌ಬ್ರಿಜ್‌ಗೆ ಸಾಕಲು ತಂದದ್ದು. ಕೆಲವು ಹಾರಿಹೋದವು. ಸಂತತಿ ಬೆಳೆದು ಸ್ಪೇನ್ ಮುಟ್ಟಿ, ಅಲ್ಲಿನ ಅಪರೂಪದ ಬಿಳಿತಲೆ ಬಾತಿನ ಜೊತೆ ಕೂಡಿ, ಆ ಜಾತಿಯೇ ಬೆರಕೆಯಾಗುವ ಭಯ ಹುಟ್ಟಿತು. ಕೊನೆಗೆ ಬ್ರಿಟನ್ನಿನಲ್ಲಿ ಸಾವಿರಾರು ರಡ್ಡಿಗಳನ್ನು ಗುಂಡು ಹಾರಿಸಿ ಕೊಂದರು. ತಪ್ಪು ಬಾತಿನದಲ್ಲ, ಅಲ್ವಾ?

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಈ ಹಕ್ಕಿ ಕೊನೆಯ ಪುಟದಲ್ಲಿದೆ, ಲೆಕ್ಕಕ್ಕಿಲ್ಲದವುಗಳ ಜೊತೆ. ಅವ್ವ ಮಾತ್ರ ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಇಲ್ಲಿ ಶೇಂಗಾ ಹೊಲಕ್ಕ ಇಳಿಯೋ ಹಕ್ಕಿ ಅದು. ಅಲ್ಲಿ ಶೇಂಗಾ ಸಿಗತೈತೇನು?" ಅಂದಳು.

ಹುಲ್ಲು ಮೇಯುತ್ತದೆ ಅಂದೆ.